ಕಚ್ಚುವ ಗಳಿಗೆ

ಪಿಳ್ಳಮ್ಮನನ್ನು ಮೊದಲ ಸಲ ನೋಡಿದಾಗ ಹೆಣವೆಂದುಕೊಂಡೆ.

ಎಂಬತ್ತರ ದಶಕದ ಪೀಣ್ಯದಲ್ಲಿ ಹಾಗೆ ಅಂದುಕೊಳ್ಳುವುದು ದೊಡ್ಡ ತಪ್ಪೇನಲ್ಲ. ನಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರಗಳು ಹಗಲೂ ರಾತ್ರಿ ತಗಡು ಕತ್ತರಿಸುತ್ತಿದ್ದವು. ಅದರ ಹಿಂದೆ ಒಂದು ಖಾಲಿ ಜಾಗವಿತ್ತು. ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ, ಸುತ್ತಲಿನವರು ತಂದು ಸುರಿದ ತಗಡಿನ ಚೂರು, ಎಣ್ಣೆ ಮೆತ್ತಿದ ಚಿಂದಿ. ಎಲ್ಲೋ ಹೊಡೆದು ಇಲ್ಲಿ ತಂದು ಎಸೆದ ಹೆಣಗಳೂ ಅಲ್ಲಿ ಸಿಕ್ಕಿದ್ದುಂಟು. ಊಟದ ಬಿಡುವಿನಲ್ಲಿ ಗಿಡದ ಮರೆಗೆಂದು ಹೋದವನಿಗೆ ಮೊದಲು ಕಂಡದ್ದು ಎರಡು ಒಡೆದ ಹಿಮ್ಮಡಿ. ಆಮೇಲೆ ಮಾಸಿದ ಹಸಿರು ಸೀರೆ. ಹೆಂಗಸೊಬ್ಬಳು ಬೋರಲಾಗಿ ಬಿದ್ದಿದ್ದಳು. ಮೀನಖಂಡದ ಮೇಲೆ ಕಟ್ಟಿರುವೆಗಳು ಹತ್ತುತ್ತಿದ್ದರೂ ಕಾಲು ಮಿಸುಕುತ್ತಿರಲಿಲ್ಲ. ಯಾರನ್ನಾದರೂ ಕೂಗಬೇಕೆಂದು ಹೊಳೆಯದೆ, ಬಗ್ಗಿ ಆ ಹಿಮ್ಮಡಿಯನ್ನು ಮುಟ್ಟಿದೆ.

ಹಿಮ್ಮಡಿ ನನ್ನ ಗದ್ದಕ್ಕೆ ಬಂದು ಬಡಿಯಿತು. ತುಟಿ ಹಲ್ಲಿಗೆ ಸಿಕ್ಕಿ ಒಡೆದು ಅಂಗಿಯ ಮೇಲೆಲ್ಲ ರಕ್ತ ಇಳಿಯಿತು.

“ಬಡ್ಡೀಮಗನೆ! ಓಡೋಯ್ತಲ್ಲೋ! ಬೆಳಗ್ಗಿಂದ ಉಸ್ರು ಕಟ್ಕಂಡು ಬಿದ್ದಿದ್ನಲ್ಲೋ!” ಹೆಣ ಎದ್ದು ಕೂತು ಕೂಗುತ್ತಿತ್ತು. ಕೈಯಲ್ಲಿ ಕ್ಯಾಮೆರಾ. ಅದರ ಮುಂದೆ ಗೇಣುದ್ದದ ಹಿತ್ತಾಳೆಯ ಕೊಳವೆ.

ಓಡಿಹೋದದ್ದು, ಮುಂಗೈ ಜೋಡಿಸಿ ನಿಲ್ಲುವ ಹಸಿರು ಹುಳ. ಅದೊಂದು ಜೇನ್ನೊಣವನ್ನು ಹಿಡಿದು ತಲೆಯ ಕಡೆಯಿಂದ ತಿನ್ನುತ್ತಿತ್ತಂತೆ. ನಾನು ತುಟಿ ಒತ್ತಿ ಹಿಡಿದುಕೊಂಡು, “ರಕ್ತ ಬರ್ತಾ ಇದೆ ಕಣಮ್ಮ” ಎಂದೆ.

“ಬರ್ಲಿ ಬಿಡು, ಬಂದಿದ್ದು ನಿಲ್ತದೆ. ನನ್ ಫ್ರೇಮ್ ಓಯ್ತಲ್ಲ, ಅದು ವಾಪಸ್ ಬತ್ತದಾ?”

ಪರಿಚಯವಾದದ್ದು ಹೀಗೆ. ಆಮೇಲೆ ನಾನು ಅವಳನ್ನು ಪಿಳ್ಳಕ್ಕ ಎಂದೇ ಕರೆದೆ. ಏಕವಚನದಲ್ಲೇ ಬರೆಯುತ್ತಿದ್ದೇನೆ; ಗೌರವ ಹಚ್ಚಿದರೆ ಎದ್ದು ಬಂದು ಇನ್ನೊಂದು ಸಲ ಒದೆಯುವ ಪೈಕಿ ಅವಳು.

ಪಿಳ್ಳಕ್ಕ ಪೀಣ್ಯದ ಹಳೇ ಊರಿನ ಒಕ್ಕಲು ಮನೆತನದ ಸೊಸೆ. ನನ್ನ ಕಾರ್ಖಾನೆಯ ಹಿಂದಿನ ಆ ಖಾಲಿ ಜಾಗ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲ. ಸರ್ಕಾರ ಕಾರ್ಖಾನೆಗಳಿಗೆಂದು ಹೊಲ ಹಿಡಿದುಕೊಂಡ ಮೇಲೆ ಗಂಡ ಕೃಷ್ಣಪ್ಪ ಊರ ಮುಂದೆ ಫೋಟೋ ಸ್ಟುಡಿಯೋ ಇಟ್ಟ. ಅವನು ಸತ್ತ ಮೇಲೆ ಅದು ಪಿಳ್ಳಮ್ಮನ ಸ್ಟುಡಿಯೋ ಆಯಿತು. ಕಾರ್ಖಾನೆಯ ಗೇಟ್ ಪಾಸಿಗೆ ಫೋಟೋ ಬೇಕೆಂದರೆ ನಾವೆಲ್ಲ ಅಲ್ಲಿಗೇ ಹೋಗಬೇಕಾಗಿತ್ತು. ಸ್ಟೂಲಿನ ಮೇಲೆ ಕೂರಿಸಿ, “ಕಣ್ ಮಿಟುಕ್ಸಿದ್ರೆ ಕಪಾಳಕ್ಕೆ ಬೀಳ್ತದೆ” ಎನ್ನುತ್ತಿದ್ದಳು. ಬೀಳುತ್ತಿತ್ತು ಕೂಡ. ಗಿರಾಕಿ ದೊಡ್ಡವನಿರಲಿ, ಚಿಕ್ಕವನಿರಲಿ, ಕಪಾಳಕ್ಕೆ ಒಂದು ಬಿಟ್ಟು ಮತ್ತೆ ಫೋಟೋ ತೆಗೆಯುತ್ತಿದ್ದಳು. ಆ ಕಾಲದ ನಮ್ಮ ಪಾಸುಗಳನ್ನು ಯಾರಾದರೂ ತೆಗೆದು ನೋಡಿದರೆ, ಪೀಣ್ಯದ ಕೂಲಿಯವರೆಲ್ಲ ಹುಲಿ ಕಂಡವರ ಹಾಗೆ ಕಣ್ಣು ಬಿಟ್ಟುಕೊಂಡು ಕೂತಿರುವುದು ಕಾಣುತ್ತದೆ.

ಫೋಟೋ ಕೆಲಸ ಅವಳಿಗೆ ಗಂಡ ಕಲಿಸಿದ್ದಲ್ಲ, ಗಂಡನ ಏಟು ಕಲಿಸಿದ್ದು. ಕೃಷ್ಣಪ್ಪ ಕುಡಿದು ಬಂದು ಕ್ಯಾಮೆರಾ ನಿಲ್ಲಿಸುವ ಮೂರುಕಾಲಿನ ಸ್ಟ್ಯಾಂಡ್ ಮಡಿಸಿ ಅದರಲ್ಲೇ ಬಡಿಯುತ್ತಿದ್ದ. ಅವಳ ಬೆನ್ನಿನ ಮೇಲೆ ಅದರ ಗುರುತುಗಳಿದ್ದವು. ಅವನು ನುಗ್ಗದ ಜಾಗ ಒಂದೇ: ಸ್ಟುಡಿಯೋದ ಒಳಗೆ ಫೋಟೋ ತೊಳೆಯುವ ಕತ್ತಲೆ ಕೋಣೆ. ಒಳಗೆ ಕೆಲಸ ನಡೆಯುತ್ತಿದೆ ಎಂದು ಹೊರಗೆ ಕೆಂಪು ಬಲ್ಬು ಉರಿಯುವಾಗ ಬಾಗಿಲು ತೆಗೆದರೆ, ಬೆಳಕು ನುಗ್ಗಿ ಇದ್ದಬದ್ದ ಪೇಪರೆಲ್ಲ ಕರ್ರಗಾಗಿಬಿಡುತ್ತದೆ. ಎಷ್ಟೇ ಕುಡಿದಿದ್ದರೂ ಆ ಒಂದು ಲೆಕ್ಕ ಅವನಿಗೆ ಮರೆಯುತ್ತಿರಲಿಲ್ಲ. ಹೊರಗೆ ನಿಂತು ಬಾಗಿಲಿಗೆ ಒದೆಯುತ್ತಿದ್ದ, ಒಡೆಯುತ್ತಿರಲಿಲ್ಲ.

“ಸುಮ್ಕೆ ಕೂತ್ರೆ ಅನ್ಮಾನ ಬತ್ತದೆ ಅಂತ ಒಳಗೆ ಕೆಲ್ಸ ಸುರು ಅಚ್ಕಂಡೆ” ಎಂದು ಪಿಳ್ಳಕ್ಕ ಹೇಳುತ್ತಿದ್ದಳು. “ಅವನು ಒದ್ದಷ್ಟೂ ನಾನು ಪ್ರಿಂಟ್ ಆಕ್ದೆ. ಅಂಗೇ ಕಲ್ತೋಯ್ತು.”

ಅವನು ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ದಿನ, ಹೆಣದ ಫೋಟೋ ತೆಗೆಯಲು ಪೊಲೀಸರಿಗೆ ಸುತ್ತಮುತ್ತ ಬೇರೆ ಯಾರೂ ಸಿಗಲಿಲ್ಲ. ಪಿಳ್ಳಕ್ಕನೇ ಹೋಗಿ ತೆಗೆದಳು. ಆ ಮಾತನ್ನು ಅವಳು ನನಗೆ ಹೇಳಿದ್ದು ಅವರೇಕಾಯಿ ಸುಲಿಯುತ್ತಾ. “ಕಣ್ಣು ತೆಗ್ದೇ ಇತ್ತು ನಾಗೇಸ. ಫೋಕಸ್ ಅಲ್ಲೇ ಮಡಗ್ದೆ. ಅವನ ಕಣ್ಣ ನಾನು ನೆಟ್ಟಗೆ ನೋಡಿದ್ದು ಅದೇ ಮೊದ್ಲು.”

ಅವಳ ಮನೆಯ ಹಿಂದಿನ ಕೋಣೆಗೆ ನಾನು ಬಾಡಿಗೆಗೆ ಬಂದದ್ದು ನನ್ನ ಬೆರಳು ಹೋದ ಮೇಲೆ. ನಮ್ಮ ಕಾರ್ಖಾನೆಯ ಪ್ರೆಸ್ಸುಗಳಿಗೆ ಕೈ ಒಳಗೆ ಹೋಗದಂತೆ ತಡೆಯುವ ಕಬ್ಬಿಣದ ಜಾಲರಿ ಇರುತ್ತಿತ್ತು. ಜಾಲರಿ ಇದ್ದರೆ ಕೆಲಸ ನಿಧಾನವೆಂದು ಮ್ಯಾನೇಜರು ಒಂದೊಂದನ್ನೇ ಬಿಚ್ಚಿಸಿದ. ನನ್ನ ಬಲಗೈಯ ಕಿರುಬೆರಳೂ ಅದರ ಪಕ್ಕದ್ದೂ ತಗಡಿನ ಜೊತೆಯಲ್ಲೇ ಕತ್ತರಿಸಿಹೋಗಿ ಕೆಳಗಿನ ತೊಟ್ಟಿಗೆ ಬಿದ್ದವು. ನೋವು ಆಮೇಲೆ ಬಂತು. ಮೊದಲು ಬಂದದ್ದು ತೊಟ್ಟಿಯೊಳಗೆ ಅವು ಎಲ್ಲಿವೆ ಎಂದು ಹುಡುಕುವ ಹುಚ್ಚು. ಕೋಣೆ ಕೇಳಲು ಹೋದಾಗ ಬ್ಯಾಂಡೇಜ್ ಇನ್ನೂ ಇತ್ತು.

“ಎಲ್ಲಿ, ಬಿಚ್ಚು, ನೋಡಾನ” ಎಂದಳು ಪಿಳ್ಳಕ್ಕ. ಬಿಚ್ಚಿದೆ. ಮೂಗಿಗೆ ತಾಗುವಷ್ಟು ಹತ್ತಿರ ತಂದು, ತಿರುಗಿಸಿ ಮುರುಗಿಸಿ ನೋಡಿದಳು. ಅಯ್ಯೋ ಪಾಪ ಎಂಬ ಮಾತು ಬಾಯಿಂದ ಬರಲಿಲ್ಲ. “ಮೂರು ಅವಲ್ಲ. ಕನ್ನಡಿ ಇಡ್ಕಣಾಕೆ ಎರಡು ಸಾಕು.”

ಅಂದಿನಿಂದ ರಜೆ ಬಂತೆಂದರೆ ನಾನು ಅವಳಿಗೆ ಕನ್ನಡಿ ಹಿಡಿಯುವವನು. ಕ್ಷೌರದಂಗಡಿಯವರು ಇಟ್ಟುಕೊಳ್ಳುವ ಸಣ್ಣ ಕನ್ನಡಿ. ಬಿಸಿಲನ್ನು ಅದರಲ್ಲಿ ಹಿಡಿದು ಹುಳದ ಮುಖಕ್ಕೆ ಬಿಡಬೇಕು. ಕೈ ನಡುಗಿದರೆ ಬೆಳಕು ನಡುಗುತ್ತದೆ, ಬೆಳಕು ನಡುಗಿದರೆ ಕೈಗೆ ಸಿಕ್ಕ ಕಲ್ಲು ನನ್ನ ಮೇಲೆ ಬೀಳುತ್ತದೆ. ಊರಿನವರು ಅವಳಿಗೆ ಗಾಳಿ ಹಿಡಿದಿದೆ ಎನ್ನುತ್ತಿದ್ದರು. ನನಗೂ ಆಗಾಗ ಹಾಗೇ ಅನ್ನಿಸುತ್ತಿತ್ತು. ಆದರೆ ರಜೆಯ ದಿನ ಬೆಳಿಗ್ಗೆ ಅವಳು ಕೂಗುವ ಮೊದಲೇ ನಾನು ಕನ್ನಡಿ ಒರೆಸಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಸೇರಿಸಲು ಅವಳು ಪಕ್ಕದ ಲೇತ್ ಅಂಗಡಿಯವನಿಂದ ಹಿತ್ತಾಳೆಯ ಉಂಗುರಗಳನ್ನು ಮಾಡಿಸಿಕೊಂಡಿದ್ದಳು. ಅವನ್ನು ಬಳೆ ಎನ್ನುತ್ತಿದ್ದಳು. ಬಳೆ ಹಾಕಿದರೆ ಇರುವೆ ಎಮ್ಮೆಯಾಗಿ ಕಾಣುತ್ತದೆ. ಆದರೆ ಗೇಣುದೂರದ ಆಚೆಗಿನದೆಲ್ಲ ಬರೀ ಮಂಜು. ಲೆನ್ಸ್ ತಿರುಗಿಸಿ ಪ್ರಯೋಜನವಿಲ್ಲ, ಇಡೀ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಮೊಳಕೈಯನ್ನು ಪಕ್ಕೆಗೆ ಒತ್ತಿ, ಮಂಡಿ ಬಗ್ಗಿಸಿ, ಸೊಂಟದಿಂದ ಮೆಲ್ಲಗೆ ತೂಗಿಕೊಂಡು ಮುಂದೆ ಹೋಗುತ್ತಿದ್ದಳು.

“ಫೋಕಸ್ ಕೈಯಾಗಿಲ್ಲ ಕಣೋ, ಸೊಂಟ್ದಾಗೈತೆ” ಎನ್ನುತ್ತಿದ್ದಳು. “ಮ್ಯಾಲಿಂದ ನೋಡಿದ್ರೆ ಎಲ್ಲಾ ಬರೀ ಉಳಾನೆ. ಅದರ ಕಣ್ಣಿನ ಮಟ್ಟಕ್ಕೆ ಮಲಿಕ್ಕೊ. ಎಂಥಾ ರಾಕ್ಷಸ ಅಂತ ಆಗ ಗೊತ್ತಾಯ್ತದೆ. ಅದರ ಮುಂದೆ ಒಸಿ ಜಾಗ ಬಿಡು. ಎಲ್ಲಿಗೆ ನುಗ್ತೈತೆ ಅಂತ ನೋಡೋರ್ಗೆ ತಿಳೀಬೇಕು.”

ಹೂವಿನ ಮೇಲಿನ ಇಬ್ಬನಿ, ರೆಕ್ಕೆಯ ಚಿತ್ತಾರ ಅವಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಬೇಟೆ. ಹಲ್ಲಿಯ ಬಾಯಲ್ಲಿ ಒದ್ದಾಡುವ ಪತಂಗ, ಎರೆಹುಳವನ್ನು ಎರಡು ಕಡೆಯಿಂದ ಎಳೆಯುವ ಇರುವೆ, ಗಂಡನ್ನು ಹಿಡಿದು ನೂಲು ಸುತ್ತುವ ಹೆಣ್ಣು ಜೇಡ. ಇದೆಲ್ಲ ಓಡಾಟದ ನಡುವೆ ಹೇಗೆ ಸ್ಪಷ್ಟವಾಗಿ ಬರುತ್ತದೆಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು. “ಓಡ್ವಾಗ ಒತ್ತಬ್ಯಾಡ, ಬಡಿದಾಡ್ವಾಗ ಒತ್ತಬ್ಯಾಡ. ಕಚ್ಚೋ ಗಳ್ಗೆ ಐತಲ್ಲ, ಆಗ ಯಾವ ಉಳಾನೂ ಅಲ್ಲಾಡಾಕಿಲ್ಲ. ಕಚ್ಚಿದ್ದೂ ಅಲ್ಲಾಡಾಕಿಲ್ಲ, ಕಚ್ಚಿಸ್ಕೊಂಡಿದ್ದೂ ಅಲ್ಲಾಡಾಕಿಲ್ಲ. ಆಗ ಉಸ್ರು ಬಿಟ್ಟು ಒತ್ತು.”

ಒಮ್ಮೆ ಗ್ರೀಟಿಂಗ್ ಕಾರ್ಡ್ ಅಚ್ಚು ಹಾಕಿಸುವವನೊಬ್ಬ ಸ್ಟುಡಿಯೋಗೆ ಬಂದ. ಟೈ ಕಟ್ಟಿದ ಮನುಷ್ಯ. ಗೋಡೆಯ ಮೇಲಿದ್ದ ಚಿಟ್ಟೆಯ ಫೋಟೋ ಅವನಿಗೆ ಬಹಳ ಹಿಡಿಸಿತು. ಬಿಳಿ ಸೇವಂತಿಗೆಯ ಮೇಲೆ ರೆಕ್ಕೆ ಅಗಲಿಸಿ ಕೂತ ಚಿಟ್ಟೆ. ಗಮನವಿಟ್ಟು ನೋಡಿದರೆ ಮಾತ್ರ, ಹೂವಿನದೇ ಬಣ್ಣದ ಒಂದು ಬಿಳಿ ಜೇಡ ಕೆಳಗಿನಿಂದ ಅದರ ಕತ್ತು ಹಿಡಿದಿರುವುದು ಕಾಣುತ್ತಿತ್ತು.

“ಮೇಡಂ, ಕೆಳಗಡೆ ಇರೋ ಆ ಜೇಡನ್ನ ಕಟ್ ಮಾಡ್ಬಿಡಿ. ಚಿಟ್ಟೆ ಎಷ್ಟು ಶಾಂತವಾಗಿ ಕೂತಿದೆ ನೋಡಿ” ಎಂದ.

“ಸಾಂತವಾಗಿ ಕೂತಿಲ್ಲ ಕಣಪ್ಪ, ಸತ್ತೋಗೈತೆ. ಜೇಡ ಅದರ ರಸ ಈರ್ತಾ ಐತೆ.”

“ಜನಕ್ಕೆ ಅದೆಲ್ಲ ಯಾಕೆ ಮೇಡಂ? ಹೊಸ ವರ್ಷಕ್ಕೆ ಕಳಿಸೋ ಕಾರ್ಡು.”

ಫೋಟೋದಲ್ಲಿ ಎಷ್ಟು ಉಳಿಸಬೇಕು, ಎಷ್ಟು ಕತ್ತರಿಸಬೇಕು ಎಂದು ನೋಡಲು ಪಿಳ್ಳಕ್ಕ ಮೂಲೆಮಟ್ಟದ ಆಕಾರದ ಎರಡು ಕರೀ ರಟ್ಟು ಇಟ್ಟುಕೊಂಡಿದ್ದಳು. ಎರಡನ್ನೂ ಎದುರುಬದುರು ಜೋಡಿಸಿದರೆ ನಡುವೆ ಒಂದು ಚೌಕಟ್ಟು. ಆ ರಟ್ಟುಗಳನ್ನು ತಂದು ಅವನ ಮುಖದ ಸುತ್ತ ಹಿಡಿದಳು. “ನಿಂದು ಕತ್ತಿಂದ ಮ್ಯಾಗಿಂದು ಮಾತ್ರ ಸೆನಾಗೈತೆ. ಕೆಳಗ್ಲದ್ದು ಕತ್ತರ್ಸ್ಲಾ?” ಎಂದವಳೇ ಕತ್ತರಿ ತೆಗೆದುಕೊಂಡು ಟೈಯನ್ನು ಗಂಟಿನ ಬುಡಕ್ಕೇ ಕತ್ತರಿಸಿಬಿಟ್ಟಳು. ಅವನು ಚಪ್ಪಲಿ ಬಿಟ್ಟು ಓಡಿದ. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. “ಬ್ಯಾಡದ್ದ ಕತ್ತರ್ಸ್ಬೇಕು ನಾಗೇಸ. ಕಚ್ಚೋದ್ನ ಕತ್ತರ್ಸ್ಬಾರ್ದು. ಅದ ಕತ್ತರ್ಸಿದ್ರೆ ಸತ್ತಿದ್ದೂ ಸುಖವಾಗಿ ಕೂತಂಗೆ ಕಾಣ್ತದೆ.”

ನನ್ನ ಬೆರಳು ಹೋದ ವರ್ಷವೇ ಇನ್ನೊಬ್ಬನ ಅಂಗೈ ಪೂರಾ ಹೋಯಿತು. ಪ್ರೆಸ್ಸುಗಳಿಗೆ ಜಾಲರಿ ಮತ್ತೆ ಹಾಕಿಸಿ ಎಂದು ನಾವು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತೆವು. ಸಂಘದವರು ನನ್ನನ್ನು ಜಂಟಿ ಕಾರ್ಯದರ್ಶಿ ಮಾಡಿದ್ದರು. ಮಾತಾಡಲು ಬರುತ್ತದೆಂದಲ್ಲ, ಎತ್ತಿ ತೋರಿಸಲು ಇಂಥದೊಂದು ಕೈ ಇದೆಯೆಂದು. ಪಿಳ್ಳಕ್ಕನಿಗೆ ನಮ್ಮ ಮುಷ್ಕರದ ಮೇಲೆ ಸಿಟ್ಟು. “ನಿಮ್ ಜಿಂದಾಬಾದ್‌ಗೆ ನನ್ ಉಳ ಎಲ್ಲಾ ಗುಳೆ ಎದ್ದೋಯ್ತಾವೆ” ಎಂದು ಬೈದುಕೊಂಡೇ ಕಾರ್ಖಾನೆಯ ಕಾಂಪೌಂಡಿನ ಬುಡದಲ್ಲಿ ಮಲಗಿರುತ್ತಿದ್ದಳು.

ಅವಳು ಅಲ್ಲಿ ಕಾಯುತ್ತಿದ್ದದ್ದು ಒಂದು ಕಡಜಕ್ಕೆ. ಉದ್ದ ಕಾಲಿನ, ನೀಲಿ ಮಿಂಚುವ ಕಡಜ. ತನಗಿಂತ ದೊಡ್ಡ ಜೇಡವನ್ನು ಹುಡುಕಿ, ಕುಟುಕಿ, ಸಾಯಿಸದೆ ಮರಗಟ್ಟಿಸಿ, ಬಿಲಕ್ಕೆ ಎಳೆದುಕೊಂಡು ಹೋಗಿ ಅದರ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹುಟ್ಟಿ ಜೇಡವನ್ನು ಜೀವಂತ ತಿನ್ನುತ್ತದೆ. ಆ ಕುಟುಕುವ ಗಳಿಗೆಯಲ್ಲಿ ಕಡಜದ ಕಣ್ಣೂ ಜೇಡದ ಕಣ್ಣೂ ಒಟ್ಟಿಗೇ ಸ್ಪಷ್ಟವಾಗಿ ಬರಬೇಕೆಂದು ಪಿಳ್ಳಕ್ಕನ ಹಟ. ವರ್ಷಗಳಿಂದ ಅದೊಂದು ಫ್ರೇಮು ತಪ್ಪಿಸಿಕೊಳ್ಳುತ್ತಲೇ ಇತ್ತು.

ಆ ಬೆಳಿಗ್ಗೆ ಸಿಕ್ಕಿತು. ಗೇಟಿನ ಮುಂದೆ ಕೂತಿದ್ದ ನನ್ನನ್ನು ಸನ್ನೆ ಮಾಡಿ ಕರೆದಳು. ನಾನು ಹೋಗಿ ಕನ್ನಡಿ ಹಿಡಿದೆ. ಜೇಡ ಮುಂಗಾಲೆತ್ತಿ ನಿಂತಿತ್ತು. ಕಡಜ ಸುತ್ತು ಹಾಕಿ, ಮೇಲೆರಗಿ, ಜೇಡದ ಜೊತೆ ಮಣ್ಣಿನಲ್ಲಿ ಉರುಳಾಡಿತು. ಒಂದು ಕಾಲು ಮುರಿದು ಪಕ್ಕಕ್ಕೆ ಬಿತ್ತು. ಆಮೇಲೆ ಕಡಜದ ಹೊಟ್ಟೆ ಬಿಲ್ಲಿನಂತೆ ಬಾಗಿ ಜೇಡದ ಎದೆಗೆ ನಾಟಿತು. ಎರಡೂ ನಿಂತವು. ಪಿಳ್ಳಕ್ಕನ ಉಸಿರು ಹೊರಗೆ ಬಂದದ್ದು ಕೇಳಿಸಿತು, ಹಿಂದೆಯೇ ಕ್ಲಿಕ್. ರೀಲಿನಲ್ಲಿ ಉಳಿದಿದ್ದ ಕೊನೆಯ ಫ್ರೇಮು ಅದು.

ಎದ್ದು ಕೂತು ನಕ್ಕಳು. ಅವಳ ಹಲ್ಲಿನ ಸಾಲು ನಾನು ಕಂಡದ್ದು ಅವತ್ತೇ. “ಸಿಕ್ಬಿಡ್ತು ಕಣೋ! ಎರಡರ ಕಣ್ಣೂ ಸಿಕ್ಬಿಡ್ತು!” ರೀಲು ಸುತ್ತಿ ತೆಗೆದು ಸೊಂಟದ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಸೆರಗಿನ ನೆರಳಲ್ಲಿ ಹೊಸ ರೀಲು ಹಾಕಿದಳು. ಅಷ್ಟರಲ್ಲಿ ಗೇಟಿನ ಕಡೆ ಕೂಗಾಟ ಎದ್ದಿತು.

ನಾನು ಓಡಿದೆ. ವ್ಯಾನೊಂದು ಬಂದು ನಿಂತಿತ್ತು. ಇಳಿದವರ ಕೈಯಲ್ಲಿ ಮಚ್ಚು, ಕಬ್ಬಿಣದ ರಾಡು. ಕೂತಿದ್ದವರ ಮೇಲೆ ಏನು ಎತ್ತ ಕೇಳದೆ ಬೀಸಿದರು. ತಲೆ ಒಡೆಯುವ ಸದ್ದು ಮಡಕೆಯದಲ್ಲ, ಹಸಿ ಮರದ್ದು. ಗೇಟಿನ ವಾಚ್‌ಮನ್ ಹನುಮಂತರಾಯಪ್ಪ ಹಳೇ ಊರಿನವನೇ, ಪಿಳ್ಳಕ್ಕನಿಗೆ ವರಸೆಯಲ್ಲಿ ಮಾವ. ಆ ಮುದುಕ ಎರಡೂ ಕೈ ಚಾಚಿ ಅಡ್ಡ ನಿಂತ. “ಬ್ಯಾಡ್ರಪ್ಪ, ನಮ್ ಐಕ್ಳು ಕಣ್ರಪ್ಪ, ಒಡೀಬ್ಯಾಡಿ” ಎನ್ನುತ್ತಿದ್ದ. ಚೌಕುಳಿ ಅಂಗಿಯವನೊಬ್ಬ ಅವನ ಹೆಗಲಿಗೇ ಮಚ್ಚು ಇಳಿಸಿದ. ಬೀಳುತ್ತಿದ್ದ ಮುದುಕನನ್ನು ನಾನು ಹಿಂದಿನಿಂದ ತಬ್ಬಿ ಹಿಡಿದೆ. ಬಿಸಿ ರಕ್ತ ನನ್ನ ಎದೆಯ ಮೇಲೆಲ್ಲ ಇಳಿಯಿತು. ಮಚ್ಚು ಮೂಳೆಗೆ ಸಿಕ್ಕಿಕೊಂಡಿತ್ತು. ಅವನು ಮುದುಕನ ಹೊಟ್ಟೆಗೆ ಕಾಲು ಕೊಟ್ಟು ಕೀಳಲು ನೋಡುತ್ತಿದ್ದ.

ಆಗ ಕಂಡಳು ಪಿಳ್ಳಕ್ಕ. ಮಂಡಿ ಬಗ್ಗಿಸಿ, ಮೊಳಕೈ ಪಕ್ಕೆಗೆ ಒತ್ತಿ, ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡು, ಸೊಂಟದಿಂದ ತೂಗುತ್ತ ಬರುತ್ತಿದ್ದಳು. ಬಳೆ ಬಿಚ್ಚಿರಲಿಲ್ಲ. ಆ ಬಳೆಗೆ ಮಚ್ಚೂ ಮಂಜು, ಮನುಷ್ಯನೂ ಮಂಜು, ಗೇಣಿನ ಹತ್ತಿರಕ್ಕೆ ಬಂದದ್ದು ಮಾತ್ರ ಕಾಣುತ್ತಿತ್ತು. ಬೇರೆ ಯಾರಾದರೂ ದೂರ ನಿಂತು ಬಳೆ ಬಿಚ್ಚುತ್ತಿದ್ದರು, ಇಲ್ಲವೇ ಓಡುತ್ತಿದ್ದರು. ಅವಳು ಅಭ್ಯಾಸವಾದಂತೆ ಸ್ಪಷ್ಟವಾಗುವ ತನಕ ಮುಂದೆ ಬಂದಳು.

“ಅಕ್ಕಾ, ಬರ್ಬೇಡ! ದೂರ ಹೋಗಕ್ಕಾ!” ಎಂದು ಕಿರುಚಿದೆ.

ಕ್ಯಾಮೆರಾದ ಕೊಳವೆ ಇನ್ನೇನು ಅವನ ಮುಷ್ಟಿಗೆ ತಾಗಬೇಕು, ಅಲ್ಲಿ ನಿಂತಳು. ಉಸಿರು ಬಿಟ್ಟಳು. ಕ್ಲಿಕ್.

ಮಚ್ಚು ಬಿಡಿಸಿಕೊಂಡು ಬಂತು. ಮರು ಏಟು ಅವಳ ಎಡಗೈ ಮಣಿಕಟ್ಟಿಗೆ ಬಿತ್ತು. ಅವಳು ಕ್ಯಾಮೆರಾ ಹೊಟ್ಟೆಯಡಿ ಹಾಕಿಕೊಂಡು ಬೋರಲು ಬಿದ್ದಳು, ನಾನು ಮೊದಲ ದಿನ ಕಂಡ ಹಾಗೆಯೇ. ಬೆನ್ನು, ಪಕ್ಕೆ, ತಲೆ ಎನ್ನದೆ ಒದ್ದರು. ಅವಳು ಮಗ್ಗುಲಾಗಲಿಲ್ಲ.

ಪೊಲೀಸ್ ಜೀಪಿನ ಸದ್ದಾಗುತ್ತಲೇ ಹೊಡೆಯುತ್ತಿದ್ದವರು ವ್ಯಾನ್ ಹತ್ತಿ ಹೋದರು. ಪೊಲೀಸರು ಬಂದು ನಮ್ಮನ್ನೇ ತುಂಬಿಕೊಂಡು ಹೋದರು. ಮುಷ್ಕರದವರು ವಾಚ್‌ಮನ್‌ನನ್ನು ಕಡಿದರೆಂದು ಮ್ಯಾನೇಜರು ದೂರು ಕೊಟ್ಟ. ಕಡಿದವನು ನಾಗೇಶ, ಅಂಗಿ ನೋಡಿ ಎಂದ. ಅಂಗಿ ತುಂಬ ಮುದುಕನ ರಕ್ತವಿತ್ತು. ಹನುಮಂತರಾಯಪ್ಪ ಆಸ್ಪತ್ರೆಯಲ್ಲಿ ಪ್ರಜ್ಞೆ ಬಾರದೆಯೇ ತೀರಿಕೊಂಡ. ನನ್ನ ಮೇಲೆ ಕೊಲೆ ಕೇಸು ಬಿತ್ತು. ಲಾಕಪ್ಪಿನಲ್ಲಿ ಒಪ್ಪಿಕೋ ಎಂದು ಅಂಗಾಲಿಗೆ ಹೊಡೆದ ಹೊಡೆತಕ್ಕೆ ಈಗಲೂ ಚಳಿಗಾಲದಲ್ಲಿ ಪಾದ ಸೆಳೆಯುತ್ತದೆ.

ಅತ್ತ ಪಿಳ್ಳಕ್ಕ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಸೆರಗು ಹರಿದು ಮಣಿಕಟ್ಟು ಬಿಗಿದು, ನೆಟ್ಟಗೆ ಸ್ಟುಡಿಯೋಗೆ ನಡೆದು, ಕತ್ತಲೆ ಕೋಣೆಯ ಚಿಲಕ ಹಾಕಿಕೊಂಡಿದ್ದಳು. ಬಲಗೈ ಮತ್ತು ಹಲ್ಲಿನಲ್ಲೇ ಫಿಲ್ಮು ಬಿಚ್ಚಿ, ಕತ್ತಲೆಯಲ್ಲಿ ಸುತ್ತಿ, ಕರಿ ಡಬ್ಬಿಗೆ ಹಾಕಿ ಔಷಧಿ ಸುರಿದಳು. ಅಷ್ಟರಲ್ಲಿ ಚೌಕುಳಿ ಅಂಗಿಯವನೂ ಇನ್ನಿಬ್ಬರೂ ಬಂದು ಬಾಗಿಲಿಗೆ ಒದೆಯತೊಡಗಿದರು. ಫಿಲ್ಮ್ ಕೊಡು, ಇಲ್ಲದಿದ್ದರೆ ಬೆಂಕಿ ಇಡುತ್ತೇವೆ ಎಂದರು. ಇದೆಲ್ಲ ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ಹೇಳಿದ್ದು. ಒಳಗಿನದನ್ನು ಅವಳೇ ಹೇಳಿದಳು.

“ಆ ಬಾಗ್ಲಿಗೆ ಒದೆ ಒಸ್ದಾ? ನನ್ ಗಂಡ ಒದ್ದಿದ್ದಕ್ಕಿಂತ ಜೋರಾಗಿ ಒದ್ದಾರಾ? ಡಬ್ಬಿ ಅಲ್ಲಾಡಿಸ್ತಾ ಕೂತಿದ್ದೆ. ಕೈಯಿಂದ ರಕ್ತ ಸೋರ್ತಾ ಇತ್ತು, ಔಸ್ದಿಗೆ ಬೀಳ್ದಂಗೆ ನೋಡ್ಕಂಡೆ. ಒಂದ್ಸಲ ಫಿಲ್ಮು ಫಿಕ್ಸ್ ಆಯ್ತಾ, ಆಮ್ಯಾಕೆ ಬೆಳಕು ಬಂದ್ರೇನು, ಸೂರ್ಯನೇ ಒಳಗೆ ಬಂದ್ರೇನು? ನಾನೇ ಬಾಗ್ಲು ತೆಗ್ದೆ.”

ಬಾಗಿಲು ತೆಗೆದು, ಎಲೆಅಡಿಕೆ ಚೀಲದಿಂದ ಒಂದು ರೀಲು ತೆಗೆದು ಎಸೆದಳು. ಅವರು ಅದನ್ನು ಬಿಸಿಲಿಗೆ ಎಳೆದೆಳೆದು ಹಾಳು ಮಾಡಿದರು. ಚೌಕುಳಿ ಅಂಗಿಯವನು ಹಾರದ ಹಾಗೆ ಕತ್ತಿಗೆ ಸುತ್ತಿಕೊಂಡು ಕುಣಿದನಂತೆ. ಹೋಗುವಾಗ ಕ್ಯಾಮೆರಾ ನೆಲಕ್ಕೆ ಬಡಿದರು, ಗಾಜುಗಳನ್ನು ಒಡೆದರು. ಮೂಲೆಯಲ್ಲಿ ನೀರು ತುಂಬಿಕೊಂಡು ಕೂತಿದ್ದ ಕರಿ ಡಬ್ಬಿಯನ್ನು ಯಾರೂ ಮೂಸಿ ನೋಡಲಿಲ್ಲ. ತೊಳೆದ ಫಿಲ್ಮಿಗೆ ಬಿಸಿಲೂ ಏನೂ ಮಾಡದೆಂದು ಅವರಿಗೆ ಗೊತ್ತಿರಲಿಲ್ಲ.

“ಅವರಿಗೆ ಎಸೆದ ರೀಲು ಯಾವುದಕ್ಕಾ?” ಎಂದು ನಾನು ಆಮೇಲೆ ಕೇಳಿದ್ದೆ. “ಯಾರ್ದೋ ಮದ್ವೆದು” ಎಂದಿದ್ದಳು. ಕಡಜದ ಫೋಟೋ ಎಲ್ಲಿ ಎಂದರೆ, “ಸರಿ ಬರ್ಲಿಲ್ಲ, ಮಸುಕಾಗಿತ್ತು” ಎಂದು ಮುಖ ತಿರುಗಿಸಿದ್ದಳು.

ಕೋರ್ಟಿನಲ್ಲಿ ನಮ್ಮ ವಕೀಲರು ಆ ಫೋಟೋ ಇಟ್ಟರು. ಮುಖವಿಲ್ಲ, ಗೇಟಿಲ್ಲ, ಆಕಾಶವಿಲ್ಲ. ಫೋಟೋ ತುಂಬ ಒಂದು ಬಲಗೈ, ಮಚ್ಚಿನ ಹಿಡಿ, ಅಲಗಿನ ಬುಡ, ಅದು ಹೊಕ್ಕಿದ್ದ ಖಾಕಿ ಹೆಗಲು. ಉಗುರಿನೊಳಗಿನ ಕೊಳೆ, ಬೆರಳಿನ ಕೂದಲು ಕೂಡ ಎಣಿಸುವಂತಿತ್ತು. ಹಿಡಿಯ ಸುತ್ತ ಐದೂ ಬೆರಳು ಬಿಗಿದಿದ್ದವು. ಹೆಬ್ಬೆರಳಿನ ಬುಡದಲ್ಲಿ ಒಂದು ಹಚ್ಚೆ.

ನ್ಯಾಯಾಧೀಶರು ನನಗೆ ಬಲಗೈ ಎತ್ತಲು ಹೇಳಿದರು. ಎತ್ತಿದೆ. ಮೂರೇ ಬೆರಳು. ಮಿಕ್ಕವರಿಗೆ ತೋರಿಸಲೆಂದು ಸಂಘದವರು ಆರಿಸಿದ್ದ ಕೈ ಕೊನೆಗೆ ನನಗೇ ಒದಗಿತು.

ಆ ಕಡೆಯ ವಕೀಲರು ಪಿಳ್ಳಕ್ಕನನ್ನು ಕೇಳಿದರು. “ಮುಖ ಯಾಕಿಲ್ಲ? ಕತ್ತರಿಸಿದ್ದೀರಾ?”

“ಮುಖ ಬೇಕಂದಿದ್ರೆ ದೂರ ನಿಂತ್ಕಬೇಕಿತ್ತು ಸ್ವಾಮಿ. ನನ್ ಬಳೆಗೆ ದೂರ ಕಾಣಾಕಿಲ್ಲ. ನೆಗೆಟಿವ್ ಇಲ್ಲೇ ಐತೆ, ನೋಡ್ಕಳಿ. ಬ್ಯಾಡದ್ದ ಕತ್ತರ್ಸ್ತೀನಿ. ಕಚ್ಚೋದ್ನ ಕತ್ತರ್ಸಾಕಿಲ್ಲ.”

ನಾನು ಬಿಡುಗಡೆಯಾದೆ. ಹಚ್ಚೆಯವನಿಗೆ ಜೈಲಾಯಿತು. ಅವನನ್ನು ಕಳಿಸಿದವರಿಗೆ ಏನೂ ಆಗಲಿಲ್ಲ. ಜಾಲರಿ ಮಾತ್ರ ಪ್ರೆಸ್ಸುಗಳಿಗೆ ವಾಪಸು ಬಂತು. ಪಿಳ್ಳಕ್ಕನ ಎಡಗೈ ಗುಣವಾಗಲಿಲ್ಲ. ನರ ಕಡಿದಿತ್ತು, ಲೋಟ ಹಿಡಿದರೂ ನಡುಗುತ್ತಿತ್ತು. ಸ್ಟ್ಯಾಂಡಿನ ಮೇಲೆ ಇನ್ನೊಂದು ಹಳೇ ಕ್ಯಾಮೆರಾ ಇಟ್ಟು ಪಾಸ್ ಫೋಟೋ ತೆಗೆದಳು, ಬಲಗೈಯಲ್ಲಿ ಕಪಾಳಕ್ಕೂ ಕೊಟ್ಟಳು. ಹುಳದ ಹತ್ತಿರಕ್ಕೆ ಮಾತ್ರ ಮತ್ತೆ ಹೋಗಲಿಲ್ಲ. ನನಗೆ ಪೀಣ್ಯದಲ್ಲಿ ಯಾರೂ ಕೆಲಸ ಕೊಡದಾಗ ನಾನು ಹರಿಹರದ ಕಡೆ ಹೋದೆ.

ಕೊನೆಯ ಸಲ ನೋಡಿದ್ದು ಅವಳು ಹಾಸಿಗೆ ಹಿಡಿದಿದ್ದಾಗ. ಹೊಟ್ಟೆಯಲ್ಲಿ ಗಡ್ಡೆ. ಮೈ ಕರಗಿ, ಹಿಮ್ಮಡಿ ಮಾತ್ರ ಅದೇ ಹಿಮ್ಮಡಿಯಾಗಿ ಉಳಿದಿತ್ತು. ಆ ಕಡಜದ ಫೋಟೋ ಮಸುಕಾಗಿದ್ದರೂ ಸರಿ, ಒಂದು ಪ್ರತಿ ಕೊಡಕ್ಕಾ ಎಂದೆ.

“ಮಸುಕಾಗಿರ್ಲಿಲ್ಲ ಕಣೋ” ಎಂದಳು. “ಅದು ತೊಳೀಲೇ ಇಲ್ಲ. ಅವತ್ತು ಆ ನಾಯಿ ಕತ್ತಿಗೆ ಆರ ಆಕ್ಕೊಂಡು ಕುಣಿದ್ನಲ್ಲ, ಅದೇ ಅದು. ಸೊಂಟದಲ್ಲಿ ಇದ್ದಿದ್ದು ಅದೊಂದೇಯ.”

“ಯಾಕಕ್ಕಾ ಹೇಳ್ಲಿಲ್ಲ ಇಷ್ಟು ದಿನ?”

“ಏಳಿದ್ರೆ ನೀನು ಜೀವ್ಮಾನ ಎಲ್ಲಾ ಇಲ್ಲೇ ಕನ್ನಡಿ ಇಡ್ಕಂಡು ಕೂತ್ಕಂಡಿರ್ತಿದ್ದೆ. ಯಾವ್ದಾರಾ ಒಂದ ಕತ್ತರ್ಸ್ಲೇಬೇಕಿತ್ತು. ಕತ್ತರ್ಸ್ದೆ.” ಆಮೇಲೆ ನನ್ನ ಕಡೆ ತಿರುಗಿ, “ನೀನು ನೋಡ್ದಲ್ಲ ಅವತ್ತು. ಎಂಗಿತ್ತು ಏಳು” ಎಂದಳು.

“ಎರಡರ ಕಣ್ಣೂ ಶಾರ್ಪ್ ಇತ್ತಕ್ಕಾ. ಮುಂದೆ ಜಾಗಾನೂ ಸರಿಯಾಗಿ ಬಿಟ್ಟಿದ್ದೆ.”

ಕಪಾಳಕ್ಕೆ ಬಿತ್ತು. ಶಕ್ತಿಯಿಲ್ಲದ ಏಟು, ಕೆನ್ನೆಯ ಮೇಲೆ ಕೈ ಇಟ್ಟ ಹಾಗಿತ್ತು. “ಸುಳ್ಳು ಬೊಗಳಬ್ಯಾಡ. ಕನ್ನಡಿ ಕಡೆಯಿಂದ ನಿಂಗೆಲ್ಲಿ ಕಾಣ್ಬೇಕು?”

ಆಮೇಲೆ ಎರಡೂ ಕೈ ಎತ್ತಿ, ಹೆಬ್ಬೆರಳು ತೋರುಬೆರಳು ಬಿಡಿಸಿ, ಆ ಕರೀ ರಟ್ಟುಗಳಂತೆ ಎದುರುಬದುರು ಜೋಡಿಸಿದಳು. ಬಲಗೈ ನಿಂತಿತು, ಎಡಗೈ ನಡುಗುತ್ತಿತ್ತು. ಮಚ್ಚಿನ ಗುರುತಿದ್ದ ಆ ಮಣಿಕಟ್ಟನ್ನು ನನ್ನ ಮೂರು ಬೆರಳಿನಿಂದ ಹಿಡಿದುಕೊಂಡೆ. ನಡುಕ ನಿಂತಿತು. ಚೌಕಟ್ಟಿನೊಳಗಿನಿಂದ ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದಳು.

“ಇನ್ನೂ ಅತ್ರ ಬಾ. ದೂರ ಕಾಣಾಕಿಲ್ಲ.”

ಸರಿದು ಹತ್ತಿರ ಹೋದೆ. ಅವಳ ಉಸಿರು ಮುಖಕ್ಕೆ ತಾಗುತ್ತಿತ್ತು.

“ಆಂ, ಅಲ್ಲೇ ಇರು. ಅಲ್ಲಾಡ್ಬ್ಯಾಡ.”

ನಾನು ಮಾರನೆಯ ದಿನ ಹರಿಹರಕ್ಕೆ ವಾಪಸಾದೆ. ಆ ವಾರವೇ ಅವಳು ಹೋದಳೆಂದು ಸುದ್ದಿ ಬಂತು. ಮಣ್ಣು ಮಾಡಿ ಮುಗಿದ ಮೇಲೆ ತಲುಪಿದೆ. ಅವಳ ಫೋಟೋ ಒಂದೂ ನನ್ನ ಬಳಿ ಇಲ್ಲ. ಎಲ್ಲರನ್ನೂ ಹಿಡಿದವಳು ಯಾರ ಕ್ಯಾಮೆರಾಗೂ ಸಿಕ್ಕಿರಲಿಲ್ಲ. ನೆನೆದಾಗ ನನಗೆ ಕಾಣುವುದು ಬೆರಳುಗಳ ಆ ಚೌಕಟ್ಟು, ಅದರಾಚೆ ನನ್ನನ್ನೇ ನೋಡುತ್ತಿದ್ದ ಒಂದು ಕಣ್ಣು. ಮಿಟುಕಿಸಿದರೆ ಬೀಳುತ್ತದೆಂದು ನನಗೆ ಗೊತ್ತಿತ್ತು. ನೀರು ತುಂಬಿ ಅವಳ ಮುಖವೆಲ್ಲ ಮಂಜಾಗಿ ಹೋದರೂ, ಅವಳು ಉಸಿರು ಬಿಟ್ಟು “ಸಿಕ್ತು” ಎನ್ನುವ ತನಕ ನಾನು ಕಣ್ಣು ಮಿಟುಕಿಸಲಿಲ್ಲ.